ಹಿಟ್ಟು ತೊಳಸಲಾಗದ ಒಲೆಗೆ ಹೆಬ್ಬೆಟ್ಟು ಕೇಳುವವರಿಗೆ

ಮೈಸೂರು
೧೭ ಸೆಪ್ಟೆಂಬರ್ ೧೯೫೯

ಸುಧಾರಿತ ಒಲೆ ಯೋಜನೆಯ ಮುಖ್ಯಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ತಮ್ಮ ಕಚೇರಿಯಿಂದ ಹೊರಟ ವರದಿಯೊಂದರಲ್ಲಿ "ಅಪಘಾತಕ್ಕೆ ಬಳಕೆದಾರಳ ಅಜಾಗರೂಕತೆಯೇ ಕಾರಣ" ಎಂಬ ಒಂದು ವಾಕ್ಯವಿದೆ. ಆ ಬಳಕೆದಾರಳ ಹೆಸರು ಬೆಟ್ಟಮ್ಮ. ಕೆಸರೆಯಲ್ಲಿ ಮುದ್ದೆ ಊಟದ ಮನೆ ನಡೆಸುವ ಹೆಂಗಸು. ತಾವು ದಯಪಾಲಿಸಿದ ಒಲೆಯ ಮೇಲೆ ಮುದ್ದೆಗೆ ಹಿಟ್ಟು ತೊಳಸಲು ಹೋಗಿ ಬಲಗೈಯನ್ನು ಮೊಣಕೈವರೆಗೆ ಸುಟ್ಟುಕೊಂಡಿದ್ದಾಳೆ. ಮೊನ್ನೆ ತಮ್ಮ ಇನ್ಸ್‌ಪೆಕ್ಟರು ಆ ವರದಿ ಹಿಡಿದು ಬಂದು, ಕೆಳಗೆ "ಓದಿ ಹೇಳಲಾಯಿತು, ಒಪ್ಪಿದ್ದೇನೆ" ಎಂದಿರುವ ಕಡೆ ಹೆಬ್ಬೆಟ್ಟು ಒತ್ತಬೇಕೆಂದರು. ಕೈಗೆ ಬಟ್ಟೆ ಸುತ್ತಿದೆಯಲ್ಲ ಸ್ವಾಮಿ ಎಂದು ಆಕೆ ಅಂದರೆ, "ಸುಟ್ಟಿರೋದು ಬಲಗೈ ತಾನೆ, ಹೆಬ್ಬೆಟ್ಟಿಗೆ ಎಡಗೈ ಸಾಕು" ಎಂದರು. ಸೋಮವಾರ ಮತ್ತೆ ಬರುತ್ತಾರಂತೆ. ವರದಿಯ ಪ್ರತಿಯನ್ನು ಬಿಟ್ಟುಹೋಗಿದ್ದಾರೆ. ಬೆಟ್ಟಮ್ಮನಿಗೆ ಓದು ಬಾರದು, ನನಗೆ ಬರುತ್ತದೆ. ಈ ಪತ್ರ ಹುಟ್ಟಿದ್ದು ಅದರಿಂದ.

ನಾನು ಮೂವತ್ತೊಂದು ವರ್ಷ ಈ ಊರಿನ ಒಂದು ಎರಕದ ಕಾರ್ಖಾನೆಯಲ್ಲಿ ಮರದ ಅಚ್ಚು ಮಾಡುತ್ತಿದ್ದವನು. ಯಂತ್ರದ ಯಾವ ಭಾಗ ಬೇಕೋ ಅದನ್ನು ಮೊದಲು ಮರದಲ್ಲಿ ಕೆತ್ತುತ್ತೇವೆ. ಆ ಮರವನ್ನು ಮರಳಿನಲ್ಲಿ ಒತ್ತಿ ಎತ್ತಿದರೆ ಅದರ ಆಕಾರದ ಗುಳಿ ಉಳಿಯುತ್ತದೆ, ಆ ಗುಳಿಗೆ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ಹೆಂಡತಿ ತೀರಿಕೊಂಡ ಮೇಲೆ ಎಂಟು ವರ್ಷದಿಂದ ನನ್ನ ಮಧ್ಯಾಹ್ನದ ಊಟ ಬೆಟ್ಟಮ್ಮನ ಮನೆಯಲ್ಲಿ. ಒಂಟಿಕೊಪ್ಪಲಿನಿಂದ ಸೈಕಲ್ಲು ತುಳಿದುಕೊಂಡು ಹೋಗುತ್ತೇನೆ. ಅಲ್ಲಿ ಜಟಕಾದವರು, ಗಾರೆ ಕೆಲಸದವರು, ನನ್ನಂಥ ಒಂಟಿ ಜನ, ಹೀಗೆ ದಿನಕ್ಕೆ ಮೂವತ್ತು ಮಂದಿ ಉಣ್ಣುತ್ತಾರೆ.

ಹೋದ ವರ್ಷ ತಮ್ಮ ಇಲಾಖೆ ಒಂದು ಕಿರುಹೊತ್ತಿಗೆ ಹಂಚಿತು. ತಾಂತ್ರಿಕ ಯೋಜನೆಗಳ ತೊಡಕು ಬಿಡಿಸಲು ಏಳು ಮೆಟ್ಟಿಲು ಎಂದು ಅದರ ವಿಷಯ. ಸಮಸ್ಯೆ ಏನೆಂದು ಮೊದಲು ತಿಳಿ, ಬಳಸುವವರನ್ನು ಕೇಳು, ನಾಲ್ಕಾರು ಬಗೆಯಾಗಿ ಯೋಚಿಸು, ಒಂದನ್ನು ಆರಿಸು, ಮಾದರಿ ಮಾಡು, ಪರೀಕ್ಷಿಸು, ತಪ್ಪು ಕಂಡರೆ ತಿದ್ದು. ಓದಿ ನನಗೆ ಕಣ್ಣು ತುಂಬಿ ಬಂತು. ನಾವು ಬೈಸಿಕೊಂಡು, ಬೆರಳು ಕೊಯ್ದುಕೊಂಡು ಕಲಿತದ್ದನ್ನು ಸರ್ಕಾರ ಚೊಕ್ಕವಾಗಿ ಅಚ್ಚು ಹಾಕಿಸಿತ್ತು. ಆ ಹೊತ್ತಿಗೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಊರೆಲ್ಲ ತಿರುಗಿದೆ. ಹೊಗೆಯಿಲ್ಲದ ಒಲೆ ಕೊಡುತ್ತಾರಂತೆ ಎಂದು ಬೆಟ್ಟಮ್ಮನನ್ನು ಒಪ್ಪಿಸಿದವನೂ ನಾನೇ. ಆಕೆಗೆ ಮನಸ್ಸಿರಲಿಲ್ಲ.

"ಈ ಒಲೆ ನನ್ ಕೈಗೆ ಪಳಗ್ಯದೆ ಕಣಣ್ಣ. ಹೊಗೆ ಬತ್ತದೆ, ದಿಟ. ಅದ್ಕೆ ಒಲೇನೇ ಒಡೀಬೇಕಾ?" ಎಂದಳು.

"ನಿನ್ನ ಕೇಳೇ ಮಾಡ್ತಾರೆ ಕಣಮ್ಮ. ಪರೀಕ್ಷೆ ಮಾಡಿ, ತಿದ್ದಿ, ಆಮೇಲೆ ಕೊಡ್ತಾರೆ. ಪುಸ್ತಕದಲ್ಲೇ ಬರ್ದವ್ರೆ" ಎಂದೆ.

"ನೀವು ಓದಿದ್ದೀರಿ ಅಂದ್ಮೇಲೆ ಸರಿ ಬುಡಿ" ಎಂದಳು ಬೆಟ್ಟಮ್ಮ.

ಈಗ ತಮ್ಮ ಮೆಟ್ಟಿಲುಗಳನ್ನು ತಾವು ಹೇಗೆ ಹತ್ತಿದಿರಿ ಎಂಬುದನ್ನು ತಮಗೇ ನೆನಪಿಸುತ್ತೇನೆ, ಹತ್ತಿದವರಿಗೆ ನೆನಪಿರಲಾರದು. ಬಳಸುವವರನ್ನು ಕೇಳಲು ತಮ್ಮ ಗುಮಾಸ್ತರು ಒಂದು ನಮೂನೆ ಹಿಡಿದು ಬಂದರು. ಬೆಟ್ಟಮ್ಮ ರಾಗಿ ಬೀಸಿಸಲು ಹೋಗಿದ್ದಳು. ಸೊಸೆ ಚೆಲುವಮ್ಮನನ್ನು ಬಾಗಿಲಲ್ಲೇ ನಿಲ್ಲಿಸಿ, ಮನೆಯಲ್ಲಿ ಎಷ್ಟು ಜನ, ಒಲೆಯಿಂದ ಹೊಗೆ ಬರುತ್ತದೆಯೇ ಎಂದು ಎರಡು ಪ್ರಶ್ನೆ ಕೇಳಿದರು. ಬರುತ್ತದೆ ಎಂದಳು ಹುಡುಗಿ. ಮುಗಿಯಿತು. ಈ ಒಲೆಯ ಮೇಲೆ ಏನು ಬೇಯಿಸುತ್ತೀರಿ, ಹೇಗೆ ಬೇಯಿಸುತ್ತೀರಿ ಎಂಬುದಕ್ಕೆ ಆ ನಮೂನೆಯಲ್ಲಿ ಜಾಗವೇ ಇರಲಿಲ್ಲ. ಕೊನೆಯಲ್ಲಿ ಫಲಾನುಭವಿಯ ಅಭಿಪ್ರಾಯಕ್ಕೆ ಮಾತ್ರ ಜಾಗವಿತ್ತು, ಅಲ್ಲಿ "ತೃಪ್ತಿಕರ" ಎಂದು ಆಗಲೇ ಬರೆದಿತ್ತು. ಒಲೆ ಬಂದದ್ದು ಅದಾದ ಎರಡು ತಿಂಗಳಿಗೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದನ್ನು ಕೇಳಿದ್ದೆ, ಕಂಡದ್ದು ಅವತ್ತೇ.

ಪರೀಕ್ಷೆ ನಡೆದದ್ದು ತಮ್ಮ ಕಚೇರಿಯ ಹಿತ್ತಲಿನಲ್ಲಿ, ಶಾಮಿಯಾನದ ಕೆಳಗೆ. ಆ ಒಲೆಯ ಮೇಲೆ ಅನ್ನ ಮಾಡಿ, ಚಿತ್ರಾನ್ನ ಕಲಸಿ, ಬಂದವರಿಗೆಲ್ಲ ಎಲೆಯಲ್ಲಿ ಬಡಿಸಿದಿರಿ. ನಾನೂ ಇದ್ದೆ. ಎರಡು ಸಲ ಹಾಕಿಸಿಕೊಂಡು ತಿಂದೆ. ಒಗ್ಗರಣೆ ಚೆನ್ನಾಗಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಹೊಗೆ ಕೊಳವೆಯಲ್ಲಿ ಸರಾಗವಾಗಿ ಮೇಲೆ ಹೋಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಮೂವತ್ತೊಂದು ವರ್ಷ ಅಚ್ಚು ಮಾಡಿದ ನನ್ನ ತಲೆಗೂ ಒಂದು ಮಾತು ಹೊಳೆಯಲಿಲ್ಲ: ಅನ್ನ ತಾನೇ ಬೇಯುತ್ತದೆ, ಹಿಟ್ಟು ತಾನೇ ಆಗುವುದಿಲ್ಲ.

ಮುದ್ದೆಯನ್ನು ತಾವು ತಟ್ಟೆಯಲ್ಲಿ ಮಾತ್ರ ಕಂಡಿರಬಹುದು, ಆದ್ದರಿಂದ ಹೇಳುತ್ತೇನೆ. ಎಸರು ಕುದಿಯುವಾಗ ಹಿಟ್ಟು ಸುರಿದು ಬೇಯಿಸಿ, ಪಾತ್ರೆಯನ್ನು ಒಲೆಯಿಂದ ನೆಲಕ್ಕೆ ಇಳಿಸುತ್ತಾರೆ. ಅದು ಅಲುಗದಂತೆ ಕವೆಗೋಲಿನಿಂದ ಅದುಮಿ ಹಿಡಿದು, ಹಿಟ್ಟಿನ ಕೋಲಿನ ಮೇಲೆ ಮೈಭಾರವನ್ನೆಲ್ಲ ಹಾಕಿ ತೊಳಸುತ್ತಾರೆ. ಮೂವತ್ತು ಜನರ ಹಿಟ್ಟೆಂದರೆ ಗಂಡಾಳೂ ಬೆವರುವ ಕೆಲಸ. ಒಲೆ ನೆಲಮಟ್ಟದಲ್ಲಿದ್ದರೆ ಪಾತ್ರೆಯನ್ನು ಗೇಣು ಸರಿಸಿದರೆ ಆಯಿತು. ತಮ್ಮ ಒಲೆಯೋ ಸೊಂಟದೆತ್ತರ. ಹೆಣ್ಣುಮಕ್ಕಳು ಬಗ್ಗಬಾರದು, ನಿಂತು ಘನತೆಯಿಂದ ಅಡುಗೆ ಮಾಡಬೇಕು ಎಂದು ತಾವು ಭಾಷಣ ಮಾಡಿದಿರಿ. ಹೊಗೆ ನುಸುಳದಿರಲೆಂದು ಪಾತ್ರೆ ಕಂಠದವರೆಗೆ ಒಲೆಯೊಳಗೆ ಹೂತುಕೊಳ್ಳುವ ಹಾಗೆ ಬೇರೆ ಮಾಡಿಸಿದ್ದೀರಿ. ಕುದಿಯುವ ಹಿಟ್ಟಿನ ಪಾತ್ರೆಯನ್ನು ಆ ಗುಳಿಯಿಂದ ಕಿತ್ತು ಸೊಂಟದೆತ್ತರದಿಂದ ನೆಲಕ್ಕೆ ಇಳಿಸಬೇಕು, ಇಲ್ಲವೇ ಮೇಲೆಯೇ ತೊಳಸಬೇಕು. ಈ ಎರಡರಲ್ಲಿ ಘನತೆ ಯಾವುದರಲ್ಲಿದೆ ಎಂದು ತಮ್ಮ ಎಂಜಿನಿಯರರನ್ನು ಕೇಳಿ ತಿಳಿಸುತ್ತೀರಾ?

ಹಳೆಯ ಒಲೆಯನ್ನು ಉಳಿಸಿಕೊಂಡಿದ್ದರೆ ಈ ಪತ್ರ ಬೇಕಿರಲಿಲ್ಲ. ಅದನ್ನು ಒಡೆದರೇ ಹೊಸದು ಎಂದು ತಮ್ಮ ನಿಯಮ. ಹಾರೆಗೆ ಅರಿಶಿನ ಕುಂಕುಮ ಹಚ್ಚಿ, ಹೂ ಮುಡಿಸಿ, ಬೆಟ್ಟಮ್ಮನ ಕೈಯಿಂದಲೇ ಒಡೆಸಿ ಫೋಟೋ ತೆಗೆಸಿದಿರಿ. ಆ ಫೋಟೋದಲ್ಲಿ ತಾವು ನಗುತ್ತಿದ್ದೀರಿ, ನಾನೂ ನಗುತ್ತಿದ್ದೇನೆ, ಆಕೆ ಒಲೆ ನೋಡುತ್ತಿದ್ದಾಳೆ.

ಮೂರನೆಯ ದಿನವೇ ಆಕೆ, "ಇದು ಎತ್ರ ಆಯ್ತು ಕಣಣ್ಣ, ತೊಳ್ಸಕ್ಕೆ ಭಾರ ಬೀಳಲ್ಲ" ಎಂದಳು. ನಾನು ತಮ್ಮ ಕಚೇರಿಗೆ ಬರೆದೆ. ಬಳಕೆದಾರರಿಗೆ ಸೂಕ್ತ ತರಬೇತಿ ನೀಡಲಾಗುವುದು ಎಂದು ಉತ್ತರ ಬಂತು. ನಲವತ್ತು ವರ್ಷದಿಂದ ಹಿಟ್ಟು ತೊಳಸುತ್ತಿರುವವಳಿಗೆ ತರಬೇತಿ! ತಪ್ಪು ಕಂಡರೆ ತಿದ್ದು ಎಂದು ಪುಸ್ತಕದಲ್ಲಿತ್ತು. ತಾವು ಒಲೆಯನ್ನು ಬಿಟ್ಟು ಬೆಟ್ಟಮ್ಮನನ್ನು ತಿದ್ದಲು ಹೊರಟಿರಿ. ತರಬೇತಿಗೂ ಯಾರೂ ಬರಲಿಲ್ಲ. ಹನ್ನೊಂದನೆಯ ದಿನ, ಉಣ್ಣುವವರೆಲ್ಲ ಸಾಲಾಗಿ ಕೂತಿದ್ದಾಗ, ಆಕೆ ಒಂದು ಮಣೆಯ ಮೇಲೆ ಹತ್ತಿ ನಿಂತು ಕೋಲಿಗೆ ಭಾರ ಹಾಕಿದಳು. ಒಲೆಯ ಅಂಚು ಮುರಿಯಿತು. ಪಾತ್ರೆ ವಾಲಿ ಹಿಟ್ಟು ಕೈಮೇಲೆ ಬಿತ್ತು. ಬಿಸಿನೀರಾದರೆ ಜಾರಿಹೋಗುತ್ತದೆ, ಸ್ವಾಮಿ. ಹಿಟ್ಟು ಅಂಟಿಕೊಳ್ಳುತ್ತದೆ. ಕೊಡವಿದರೂ ಬಿಡುವುದಿಲ್ಲ. ಅದನ್ನು ಆಕೆಯ ಕೈಯಿಂದ ಬಿಡಿಸಿದವನು ನಾನು. ಜೊತೆಗೆ ಏನು ಬಂತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ತಾವು ಆಕೆಗಿಂತ ಜಾಣರು. ನೆಲವನ್ನು ತಾವೇ ಡೊಂಕು ಮಾಡಿ, ಕುಣಿಯುವವಳ ಕಾಲು ಸರಿಯಿಲ್ಲ ಎಂದು ವರದಿ ಬರೆದಿರಿ.

ನಾನೂ ಒಮ್ಮೆ ತಮ್ಮಂತೆಯೇ ವಿದ್ವಾಂಸನಾಗಿದ್ದೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಒಂದು ಅಚ್ಚು ಮಾಡಿದೆ. ಅಳತೆ ಕರಾರುವಾಕ್ಕು, ಮೇಲೆ ಕನ್ನಡಿಯಂಥ ವಾರ್ನಿಷು. ಆದರೆ ಅಚ್ಚಿನ ಪಕ್ಕಗಳಿಗೆ ತುಸು ಇಳಿಜಾರು ಇರಬೇಕು, ಇಲ್ಲದಿದ್ದರೆ ಎತ್ತುವಾಗ ಮರಳು ಕಿತ್ತುಬರುತ್ತದೆ. ನಾನು ಅದನ್ನು ಕೊಟ್ಟಿರಲಿಲ್ಲ. ಮರಳಿನ ಕೆಲಸದ ಲಿಂಗಯ್ಯ ಮೂರು ಸಲ ಎತ್ತಿದ, ಮೂರು ಸಲವೂ ಗುಳಿ ಕುಸಿಯಿತು. ಅವನಿಗೆ ಎತ್ತಲು ಬರುವುದಿಲ್ಲ ಎಂದು ನಾನು ದೂರಿದೆ. ಫೋರ್‌ಮನ್ ಸದಾಶಿವಯ್ಯನವರು ಅಚ್ಚನ್ನು ತಿರುಗಿಸಿ ನೋಡಿ, "ಚೆಂದ ಅದೆ, ತಕ್ಕೊಂಡೋಗಿ ಮನೇಲಿ ಇಟ್ಕೊ. ನಾಳೆಯಿಂದ ಒಂದ್ ತಿಂಗ್ಳು ಲಿಂಗಯ್ಯನ ಪಕ್ಕ ಮರಳಲ್ಲಿ ನಿಂತ್ಕೊ" ಎಂದರು. ನಿಂತೆ. ತಮ್ಮ ಏಳು ಮೆಟ್ಟಿಲಿನ ಅರ್ಥ ನನಗಾದದ್ದು ಅಲ್ಲಿ. ಮೆಟ್ಟಿಲು ಎಂದರೆ ಇಳಿಯುವುದಕ್ಕೂ ಇರುತ್ತದೆ. ಏಳನೆಯದರಲ್ಲಿ ತಪ್ಪು ಕಂಡರೆ ಎರಡನೆಯದಕ್ಕೆ ಇಳಿದು ಬಂದು, ಮತ್ತೆ ಕೇಳಬೇಕು. ತಾವು ಏಳನ್ನೂ ಒಂದೇ ಉಸಿರಿಗೆ ಹತ್ತಿ, ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದೀರಿ.

ಕೇಳಿಸಿಕೊಳ್ಳುವ ಮನಸ್ಸಿದ್ದರೆ ಇನ್ನೊಂದು ಸಮಾಚಾರವಿದೆ. ಕಳೆದ ತಿಂಗಳು ಬೆಟ್ಟಮ್ಮ ಗೋಡೆಗೊರಗಿ ಕೂತು ಹೇಳಿದಳು, ಚೆಲುವಮ್ಮ ಮಣ್ಣು ಕಲಸಿದಳು, ನಾನು ಅಳತೆ ಕೋಲು ಹಿಡಿದೆ. ನೆಲಮಟ್ಟದ ಒಲೆ, ತಮ್ಮ ಮುರುಕು ಒಲೆಯಿಂದ ಕಿತ್ತ ಹೊಗೆ ಕೊಳವೆ. ಮೊದಲನೆಯದರಲ್ಲಿ ಉರಿ ಹತ್ತಲಿಲ್ಲ, ಒಡೆದೆವು. ಎರಡನೆಯದರಲ್ಲಿ ಪಾತ್ರೆ ಕೂರಲಿಲ್ಲ, ಒಡೆದೆವು. ಮೂರನೆಯದು ನಡೆಯುತ್ತಿದೆ. ಹೊಗೆ ಪೂರ್ತಿ ಹೋಗಿಲ್ಲ, ಗಾಳಿ ತಿರುಗಿದರೆ ಈಗಲೂ ಕಣ್ಣುರಿಯುತ್ತದೆ. ಆದ್ದರಿಂದ ನಾಲ್ಕನೆಯದೂ ಆಗಲಿದೆ. ನಾವು ಶಾಮಿಯಾನ ಹಾಕಿಸಲಿಲ್ಲ, ಹೊತ್ತಿಗೆಯನ್ನೂ ತೆರೆಯಲಿಲ್ಲ. ಅದೀಗ ಉರಿ ಬೀಸುವುದಕ್ಕೆ ಚೆಲುವಮ್ಮನ ಕೈಯಲ್ಲಿದೆ, ತಮ್ಮ ಯೋಜನೆಯಲ್ಲಿ ಸರಿಯಾಗಿ ಬಳಕೆಗೆ ಬಂದ ವಸ್ತು ಅದೊಂದೇ.

ಕೆಸರೆಯ ಇನ್ನೂ ಮುನ್ನೂರು ಮನೆಗಳಿಗೆ ಅದೇ ಸೊಂಟದೆತ್ತರದ ಒಲೆ ಬರಲಿದೆಯೆಂದು ಇನ್ಸ್‌ಪೆಕ್ಟರು ಹೆಮ್ಮೆಯಿಂದ ಹೇಳಿದರು. ಒಲೆಯಲ್ಲಿ ದೋಷವಿಲ್ಲ ಎಂದು ಬೆಟ್ಟಮ್ಮನ ಹೆಬ್ಬೆಟ್ಟು ಬಿದ್ದರೆ ತಾನೆ ಅವು ಹೊರಡುವುದು? ಹಾಗಾದರೆ ನನ್ನ ಬೇಡಿಕೆ ಇಷ್ಟು. ಆ ವಾಕ್ಯವನ್ನು ಹೊಡೆದುಹಾಕಿ, ಆ ಒಲೆಗಳನ್ನು ನಿಲ್ಲಿಸಿ. ಆಗುವುದಿಲ್ಲವೆಂದರೆ ಸೋಮವಾರ ಇನ್ಸ್‌ಪೆಕ್ಟರನ್ನು ಕಳಿಸಬೇಡಿ, ತಾವೇ ಬನ್ನಿ. ಎಂಜಿನಿಯರರನ್ನು ಕರೆತನ್ನಿ, ಒಂದು ಹೊಸ ಒಲೆಯನ್ನೂ ತನ್ನಿ. ಮೂವತ್ತು ಜನ ಎಲೆ ಹಾಕಿಕೊಂಡು ಕೂತಿರುತ್ತಾರೆ. ಕೋಟು ಬಿಚ್ಚಿಟ್ಟು, ಘನತೆಯಿಂದ ನಿಂತು, ಅದರ ಮೇಲೆ ಹಿಟ್ಟು ತೊಳಸಿ ಇಳಿಸಿ. ಗಂಟಿಲ್ಲದೆ, ಕೈ ಸುಡದೆ ಇಳಿಸಿದರೆ ಬೆಟ್ಟಮ್ಮನ ಎಡಗೈ ಹಿಡಿದು ನಾನೇ ಹೆಬ್ಬೆಟ್ಟು ಒತ್ತಿಸುತ್ತೇನೆ.

ಬರುವಾಗ ಒಂದು ಉತ್ತರವನ್ನೂ ತರಬೇಕು. ನಿನ್ನೆ ಊಟವಾದ ಮೇಲೆ ವರದಿಯನ್ನು ಆಕೆಗೆ ಓದಿ ಹೇಳಿದೆ. ಮುಚ್ಚಿಡೋಣವೆಂದುಕೊಂಡಿದ್ದೆ, ಆಗಲಿಲ್ಲ. ಬೆಟ್ಟಮ್ಮ ಬಟ್ಟೆ ಸುತ್ತಿದ ಕೈ ಎತ್ತಿ ನೋಡಿಕೊಂಡಳು. ಆಮೇಲೆ ಕೇಳಿದಳು:

"ಒತ್ತಿಬುಡ್ಲಾ ಅಣ್ಣ? ಓದಿದೋರು ಅವ್ರು. ನೋಡ್ದೆ ಬರೆದಾರಾ? ನಾನೇ ನೆಟ್ಟಗೆ ತೊಳಸ್ನಿಲ್ವೇನೋ."

ಇಂತಿ,
ಓದು ಬರುತ್ತದೆಂದು ನಂಬಿಸಿಕೊಂಡು ಆಕೆಯ ಒಲೆ ಒಡೆಸಿದ,
ಮರಿಯಯ್ಯ
ಒಂಟಿಕೊಪ್ಪಲು