ಕೆಂಪಿಯ ಮಗಳು ಮೇವು ತಿಂದಳು

ಅಕ್ಕಾ,

ಇದನ್ನು ನಿನಗೆ ಕಳಿಸುವ ಧೈರ್ಯ ನನಗಿಲ್ಲ. ಆದರೂ ಹೇಳಬೇಕು. ನಿನ್ನ ಕೆಂಪಿಯ ಮಗಳು ಚುಕ್ಕಿ ಮೂರು ದಿನದ ಹಿಂದೆ ಮೇವು ಬಿಟ್ಟಳು. ಬಿಸಿಲಿಗೆ ಬಾಯಿ ತೆರೆದು, ಜೊಲ್ಲು ಸುರಿಸುತ್ತ ಏದುಸಿರು ಬಿಡುತ್ತಿದ್ದಳು.

ಹೋದ ಬೇಸಿಗೆಯಲ್ಲಿ ಕೆಂಪಿಯೂ ಹೀಗೇ ನಿಂತಿದ್ದಳು. "ಕೊಟ್ಟಿಗೆ ತಗಡು ಕಾದು ಕೆಂಡ ಆಗಿದೆ ಕಣೋ. ಮೈಗೆ ನೀರು ಹಾಕಿ ಫ್ಯಾನ್ ಇಡು. ಮೇವು ತಂಪೊತ್ತಲ್ಲಿ ಹಾಕು" ಅಂದಿದ್ದೆ ನೀನು. "ಹಸುಗೂ ಫ್ಯಾನಾ? ನಾಳೆ ಹಾಸಿಗೆನೂ ಕೇಳ್ತೀಯ" ಎಂದು ನಕ್ಕಿದ್ದೆ ನಾನು. ಕೆಂಪಿಯನ್ನು ಮಣ್ಣು ಮಾಡಿದ ಸಂಜೆಯೇ ನೀನು ಬಟ್ಟೆ ಕಟ್ಟಿಕೊಂಡು ಮನೆ ಬಿಟ್ಟು ಹೊರಟವಳು ಇನ್ನೂ ಬಂದಿಲ್ಲ.

ಈ ಸಲ ನನ್ನ ಕೋಣೆಯ ಫ್ಯಾನನ್ನೇ ಕೊಟ್ಟಿಗೆಗೆ ತಂದಿಟ್ಟೆ. ಗಂಟೆಗೊಮ್ಮೆ ಚುಕ್ಕಿಯ ಮೈ ತೋಯಿಸಿದೆ. ತೊಟ್ಟಿಯಲ್ಲಿ ಕಾದ ನೀರು ಚೆಲ್ಲಿ ತಣ್ಣೀರು ತುಂಬಿದೆ. ಹಸಿಹುಲ್ಲನ್ನು ಬೆಳಗಿನ ಜಾವ ಮತ್ತು ಹೊತ್ತು ಮುಳುಗಿದ ಮೇಲಷ್ಟೇ ಹಾಕಿದೆ. ಇವತ್ತು ಬೆಳಿಗ್ಗೆ ಒಂದು ಕಡ್ಡಿಯೂ ಬಿಡದೆ ತಿಂದಳು.

ಪಶುವೈದ್ಯರು ಬಂದು ನೋಡಿ, "ಪರವಾಗಿಲ್ವೇ! ಇದೆಲ್ಲ ಯಾರು ಹೇಳಿಕೊಟ್ಟಿದ್ದು?" ಅಂದರು.

"ನಮ್ಮಕ್ಕ" ಅಂದೆ.

"ಸ್ವಲ್ಪ ಕರಿ ಅವರನ್ನ, ಮಾತಾಡಿಸಿಯೇ ಹೋಗ್ತೀನಿ."

ನಾನು ಒಳಗೆ ಹೋದೆ. ನಿನ್ನ ಕೋಣೆಯಲ್ಲಿ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಅವರಿಗೆ ಕೈ ತೊಳೆಯಲು ನೀರು ತಂದುಕೊಟ್ಟೆ.