ಒಳಗಿನ ಚಿಲಕ

ಅಮ್ಮಾ,

ಇವತ್ತು ಗೆದ್ದುಬಿಟ್ಟೆ ಕಣಮ್ಮಾ! ಒಪ್ಪಿಗೆಯಿಲ್ಲದೆ ನನ್ನನ್ನು ಮಾನಸಿಕ ಆಸ್ಪತ್ರೆಯಲ್ಲಿ ಕೂಡಿಟ್ಟದ್ದು ಸಾಕು ಎಂದು ವಿಚಾರಣಾ ಮಂಡಳಿ ಹೇಳಿತು. "ಹತ್ತೊಂಬತ್ತು ತುಂಬಿದೆ. ಏನು ಬೇಕೋ ಅವಳೇ ಹೇಳಲಿ," ಎಂದರು ಅಧ್ಯಕ್ಷೆ. "ಮಾತ್ರೆ ತಗೋತೀನಿ, ಆದ್ರೆ ಮನೇಲಿ," ಎಂದೆ. ಅಷ್ಟೇ!

ಸಹಿ ಹಾಕಿ ಸೇರಿಸಿದ್ದ ಅಪ್ಪನೇ ಕರೆದೊಯ್ಯಲು ಬಂದಿದ್ದ. ಮನೆಗೆ ಬಂದವನೇ ಸ್ಕ್ರೂಡ್ರೈವರ್ ಹಿಡಿದು, ಹಿಂದೆ ತಾನೇ ಕಿತ್ತಿದ್ದ ನನ್ನ ಕೋಣೆಯ ಚಿಲಕವನ್ನು ಮತ್ತೆ ಕೂರಿಸಿದ. ಬೆವರು ಒರೆಸಿಕೊಂಡು, "ನೋಡು, ಹೇಗಿದೆ?" ಎಂದ.

ನೋಡಿದರೆ ಚಿಲಕ ಬಾಗಿಲ ಹೊರಗಡೆ!

"ಅಪ್ಪಾ, ಇದೂ ವಾರ್ಡೇನಾ?"

ಅವನ ಮುಖ ನೀನು ನೋಡಬೇಕಿತ್ತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅದನ್ನು ಬಿಚ್ಚಿ ಒಳಗಡೆ ಹಾಕುವಾಗ ಮಾತ್ರ ಒಂದೊಂದು ಸ್ಕ್ರೂ ಬಿಗಿಸಿದಾಗಲೂ ತಿರುಗಿ ನನ್ನನ್ನು ನೋಡಿದ. ನೀನು ಒಳಗಿನಿಂದ ಚಿಲಕ ಹಾಕಿಕೊಂಡು ಜೀವ ಬಿಟ್ಟ ದಿನ ಒಡೆದ ನಿನ್ನ ಕೋಣೆಯ ಬಾಗಿಲನ್ನು ಅವನು ಇನ್ನೂ ಸರಿ ಮಾಡಿಸಿಲ್ಲ.

ಈಗ ಚಿಲಕ ಹಾಕಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಎಂಥ ಸುಖ ಗೊತ್ತಾ! ಹೊರಗಿನಿಂದ ಅಪ್ಪ ಆಗಾಗ ಕೇಳುತ್ತಾನೆ, "ಇದ್ದೀಯೇನಮ್ಮಾ?"

"ಇದ್ದೀನಪ್ಪಾ!" ಎಂದು ಮನೆಯೆಲ್ಲ ಕೇಳುವಂತೆ ಕೂಗುತ್ತೇನೆ.