ಆಟದ ಹಾಲಿನ ಬಾಗಿಲಿಗೆ ಕೆಂಪು ಚೀಟಿ

ವೆಸ್ಟರ್‌ಲೂ, ಮಿಷಿಗನ್
ಜನವರಿ ೧೧, ಭಾನುವಾರ

ಗೆರಿಟ್,

ನಿನ್ನ ಕಾರ್ಡು ನಿನ್ನೆ ಬಂತು. ಪೇಪರಿನಲ್ಲಿ ನನ್ನ ಫೋಟೋ ನೋಡಿ, ‘ನಿನ್ನ ಬಗ್ಗೆ ಹೆಮ್ಮೆ ಅನ್ನಿಸಿತು’ ಎಂದು ಬರೆದಿದ್ದೀಯ. ನಾವು ಬೇರೆಯಾಗಿ ಮೂರು ವರ್ಷವಾಯಿತು. ಜೊತೆಗಿದ್ದಾಗಲೂ ನೀನು ಇಂಥ ಮಾತು ಬರೆದವನಲ್ಲ. ಕಾರ್ಡನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು, ಆಮೇಲೆ ನಮ್ಮ ಆನಿಕಾಳ ಕಣ್ಣಿಗೆ ಬೀಳಬಾರದೆಂದು ಡ್ರಾಯರಿನೊಳಗೆ ತಳ್ಳಿದೆ. ಪೇಪರಿನವರು ಬರೆದದ್ದು ಅರ್ಧ. ಉಳಿದದ್ದನ್ನು ನಾನೇ ಹೇಳುತ್ತೇನೆ.

ಹೈಸ್ಕೂಲಿನ ಹಳೆಯ ಆಟದ ಹಾಲು ನಿನಗೆ ಗೊತ್ತೇ ಇದೆ. ಶರತ್ಕಾಲದಲ್ಲಿ ಛಾವಣಿ ಸೋರಿತು. ನೋಡಲು ಬಂದ ಎಂಜಿನಿಯರ್, ಸೊಬ್ಜಾಕ್ ಎಂಬ ಹೆಂಗಸು, ಸೋರಿಕೆಯನ್ನು ಬಿಟ್ಟು ಬೇರೆಯದನ್ನೇ ಕಂಡಳು. ಛಾವಣಿ ಹೊತ್ತಿರುವ ಉಕ್ಕಿನ ತೊಲೆಗಳಲ್ಲಿ ಎರಡರ ಬೆಸುಗೆ ಬಿರುಕು ಬಿಟ್ಟಿದೆ, ದಪ್ಪ ಹಿಮ ಬಿದ್ದರೆ ತಡೆಯುತ್ತದೆಂದು ಹೇಳಲಾರೆ, ರಿಪೇರಿಯಾಗುವ ತನಕ ಹಾಲನ್ನು ಮುಚ್ಚಿ ಎಂದು ನಾಲ್ಕು ಪುಟ ಬರೆದುಕೊಟ್ಟಳು.

ಸೂಪರಿಂಟೆಂಡೆಂಟ್ ಪ್ರೂಯಿಟ್ ನನ್ನನ್ನು ತನ್ನ ಕಚೇರಿಗೆ ಕರೆದು, ಬಾಗಿಲು ಹಾಕಿಕೊಂಡು ಆ ಪುಟಗಳನ್ನು ಮುಂದಿಟ್ಟ. ಅವನನ್ನು ಈ ಜಿಲ್ಲೆಗೆ ಕರೆತಂದವಳೇ ನಾನು. ಎಂಬತ್ತು ಅರ್ಜಿಗಳಲ್ಲಿ ಅವನದನ್ನು ಎತ್ತಿಹಿಡಿದು, ಶಾಲಾ ಮಂಡಳಿಯ ಉಳಿದ ಆರು ಜನರ ಮನವೊಲಿಸಿದ್ದೆ. ಕೆಟ್ಟವನಲ್ಲ ಗೆರಿಟ್. ಅವತ್ತು ಅವನ ಮೇಲ್ದುಟಿಯ ಮೇಲೆ ಬೆವರಿತ್ತು.

“ಮೇಡಂ, ಇದು ಹೊರಗೆ ಹೋದ್ರೆ ಅಪ್ಪ ಅಮ್ಮಂದಿರು ಗಾಬರಿ ಬೀಳ್ತಾರೆ,” ಅಂದ. “ಹೋದ ವರ್ಷ ಇನ್ನೂರು ಮಕ್ಕಳು ಪಕ್ಕದ ಊರಿನ ಶಾಲೆಗೆ ಹೋದ್ರು. ಇನ್ನೂ ಇನ್ನೂರು ಹೋದ್ರೆ ಒಂದು ಪ್ರೈಮರಿ ಶಾಲೆ ಮುಚ್ಬೇಕು. ಇನ್ನೊಬ್ಬ ಎಂಜಿನಿಯರ್‌ನ ಕರೆಸ್ತೀನಿ. ಅಲ್ಲೀತನಕ ಸುಮ್ನಿರಿ, ಅಷ್ಟೇ.”

ಮಂಡಳಿಗೆ ಬಂದ ಹೊಸದರಲ್ಲಿ ನಮಗೆಲ್ಲ ಎರಡು ದಿನ ತರಬೇತಿ ಕೊಟ್ಟಿದ್ದರು. ಶಾಲೆ ನಡೆಸುವುದು ಸೂಪರಿಂಟೆಂಡೆಂಟ್‌ನ ಕೆಲಸ, ಸರಿಯಾಗಿ ನಡೆಸುತ್ತಿದ್ದಾನೆಯೇ ಎಂದು ನೋಡುವುದಷ್ಟೇ ನಿಮ್ಮದು, ನಡುವೆ ಕೈ ಹಾಕಬೇಡಿ ಅಂದಿದ್ದರು. ಆ ಮಾತು ನನಗೆ ಬಾಯಿಪಾಠವಾಗಿತ್ತು. ಈಗ ಅದರ ಹಿಂದೆ ಅಡಗಿ ಕೂರಲು ಎಷ್ಟು ಹಾಯಾಗಿತ್ತು ಅಂತೀಯ! ನೋಡುವುದು ನನ್ನ ಕೆಲಸ, ನಾನು ನೋಡುತ್ತಿದ್ದೇನೆ.

ಡಿಸೆಂಬರ್ ಹದಿನೈದರ ಮುಚ್ಚಿದ ಸಭೆಯಲ್ಲಿ ವರದಿಯನ್ನು ಎಲ್ಲರ ಮುಂದಿಟ್ಟೆ. ಹಾಲು ಮುಚ್ಚೋಣ ಎಂದೆ. ಮೂವರು ನನ್ನ ಕಡೆ ನೋಡಲೇ ಇಲ್ಲ. ಇನ್ನೊಂದು ಅಭಿಪ್ರಾಯ ಬರುವ ತನಕ ಕಾಯುವುದು ಎಂದು ನಾಲ್ಕಕ್ಕೆ ಮೂರರಲ್ಲಿ ತೀರ್ಮಾನವಾಯಿತು. ಮುಚ್ಚಿದ ಸಭೆಯ ಮಾತು ಹೊರಗೆ ಆಡುವಂತಿಲ್ಲ, ನಿನಗೆ ಗೊತ್ತು. ಮಂಡಳಿಯ ಅಧ್ಯಕ್ಷೆಯಾದರೂ ಒಬ್ಬಳೇ ನಿಂತರೆ ನನಗೆ ಶಾಲೆಯ ಒಂದು ಬಲ್ಬು ಬದಲಿಸುವ ಅಧಿಕಾರವೂ ಇಲ್ಲ.

ಆ ವಾರವಿಡೀ ನಾನು ಹವಾಮಾನ ನೋಡಿಕೊಂಡೇ ಬದುಕಿದೆ. ಶುಕ್ರವಾರ ಹದಿನಾಲ್ಕು ಇಂಚು ಹಿಮ ಎಂದರು. ಅದೇ ಶುಕ್ರವಾರ ಸಂಜೆ ಹಾಲೆಂಡೇಲ್ ತಂಡದ ಜೊತೆ ಬ್ಯಾಸ್ಕೆಟ್‌ಬಾಲ್ ಪಂದ್ಯ. ಆ ಪಂದ್ಯಕ್ಕೆ ಒಂಬೈನೂರು ಜನ ಸೇರುತ್ತಾರೆ, ಚೆಂಡು ಬುಟ್ಟಿಗೆ ಬಿದ್ದಾಗಲೆಲ್ಲ ಗ್ಯಾಲರಿಯ ಹಲಗೆಗಳ ಮೇಲೆ ಕಾಲು ಬಡಿಯುತ್ತಾರೆ. ನನಗೆ ಅನ್ನ ನೀರು ಸೇರುತ್ತಿರಲಿಲ್ಲ. ಶುಕ್ರವಾರ ಕಾರಿನ ಗಾಜಿನ ಮೇಲೆ ಹಿಮದ ಮೊದಲ ಹಳುಕು ಬಿತ್ತು.

ಮಧ್ಯಾಹ್ನ ಶಾಲೆಗೆ ಹೋದೆ. ಕಟ್ಟಡ ನೋಡಿಕೊಳ್ಳುವ ಆರ್ವಿಡ್ ಹಾಲಿನ ಉತ್ತರದ ಬಾಗಿಲಿಗೆ ಭುಜ ಕೊಟ್ಟು ನೂಕುತ್ತಿದ್ದ. ಅವನಿಗೆ ವರದಿಯ ವಿಷಯ ಗೊತ್ತಿರಲಿಲ್ಲ.

“ಏನಾಯ್ತು ಆರ್ವಿಡ್?” ಎಂದೆ.

“ಇಪ್ಪತ್ತೆರಡು ವರ್ಷದಿಂದ ಈ ಬಾಗಿಲು ನಾನೇ ಹಾಕೋದು ಮೇಡಂ. ಹೋದ ವಾರದಿಂದ ಮುಚ್ತಾ ಇಲ್ಲ,” ಅಂದ. ಚೌಕಟ್ಟಿನ ಮೇಲ್ತುದಿ ತೋರಿಸಿದ. “ಬಾಗಿಲೇನೂ ಬೆಳೆದಿಲ್ಲ. ಮೇಲಿಂದು ಕೆಳಗೆ ಇಳೀತಾ ಇದೆ. ಸೂಪರಿಂಟೆಂಡೆಂಟ್ ಸಾಹೇಬ್ರಿಗೆ ಹೇಳ್ದೆ, ತುಕ್ಕಿರ್ಬೇಕು, ಎಣ್ಣೆ ಹಾಕು ಅಂದ್ರು.”

ಅವನ ಕೈಯಲ್ಲಿ ಎಣ್ಣೆಯ ಡಬ್ಬಿ ಇತ್ತು. ಕಾರಿಗೆ ಬಂದು ಕೂತು ಅಗ್ನಿಶಾಮಕ ಕಚೇರಿಗೆ ಫೋನ್ ಮಾಡಿದೆ. ನಾಲ್ಕು ಗಂಟೆಗೆ ಅವರ ಅಧಿಕಾರಿ ಬಂದ. ಯಾವ ಅನುಮತಿಯೂ ಇಲ್ಲದೆ ನಾಲ್ಕೂ ಪುಟಗಳನ್ನು ಅವನ ಕೈಗಿಟ್ಟೆ. ನಿಂತಲ್ಲೇ ಓದಿದ. ತಲೆಯೆತ್ತಿ ಛಾವಣಿ ನೋಡಿದ, ಉತ್ತರದ ಬಾಗಿಲು ನೋಡಿದ. ನನ್ನನ್ನು ಒಂದು ಮಾತೂ ಕೇಳದೆ ಎಲ್ಲ ಬಾಗಿಲುಗಳಿಗೂ ಒಳಗೆ ಹೋಗುವಂತಿಲ್ಲ ಎಂಬ ಕೆಂಪು ಚೀಟಿ ಅಂಟಿಸಿದ.

ಅಷ್ಟರಲ್ಲಿ ಕಾರುಗಳು ಬರತೊಡಗಿದ್ದವು. ಹಿಮ ಬೀಳುತ್ತಲೇ ಇತ್ತು. ಜನ ಹೊರಗೆ ನಿಂತು ನನ್ನ ಮೇಲೆ ಕೂಗಾಡಿದರು. ಚರ್ಚಿನಲ್ಲಿ ನಮ್ಮ ಹಿಂದಿನ ಸಾಲಿನಲ್ಲಿ ಕೂರುವ ಒಬ್ಬಾತ ಮುಖಕ್ಕೆ ಮುಖ ತಂದು ಕೇಳಿದ: “ಛಾವಣಿ ನಿಂತೇ ಇದೆಯಲ್ಲ ತಾಯಿ, ನಿಮ್ಮ ತಲೆ ಮೇಲೆ ಏನು ಬಿತ್ತು?” ಸುತ್ತಲಿದ್ದವರು ನಕ್ಕರು. ಪ್ರೂಯಿಟ್ ನಗಲಿಲ್ಲ. ನನ್ನ ಹತ್ತಿರ ಬಂದು ಮೆಲ್ಲಗೆ, “ನೀವು ನನ್ನನ್ನ ಮುಗಿಸಿಬಿಟ್ರಿ,” ಅಂದ.

ಛಾವಣಿ ಬೀಳಲಿಲ್ಲ. ಶನಿವಾರವೂ ಬೀಳಲಿಲ್ಲ, ಭಾನುವಾರವೂ ಇಲ್ಲ. ಸೋಮವಾರ ಮಂಡಳಿ ತೆರೆದ ಸಭೆಯಲ್ಲಿ ನನ್ನ ವಿರುದ್ಧ ಖಂಡನಾ ನಿರ್ಣಯ ಮಾಡಿತು: ಗೋಪ್ಯ ದಾಖಲೆ ಹೊರಗೆ ಕೊಟ್ಟಿದ್ದಕ್ಕೆ, ಅಧಿಕಾರ ಮೀರಿದ್ದಕ್ಕೆ. ನಿರ್ಣಯವನ್ನು ಅಧ್ಯಕ್ಷೆಯೇ ಓದಬೇಕೆಂಬ ನಿಯಮವಿದೆ. ನಾನೇ ಓದಿದೆ. ಕ್ರಿಸ್ಮಸ್ ರಜೆಯಲ್ಲಿ ಅಂಗಡಿಗೆ ಹೋದರೂ ಜನ ಛಾವಣಿಯ ಕಡೆ ನೋಡಿ ತಲೆಯ ಮೇಲೆ ಕೈಯಿಟ್ಟು ನಟಿಸುತ್ತಿದ್ದರು. ಒಂದು ವಿಷಯ ಒಪ್ಪಿಕೊಳ್ಳುತ್ತೇನೆ: ಆ ದಿನಗಳಲ್ಲಿ ಅದು ಒಮ್ಮೆ ಬಿದ್ದುಬಿಡಲಿ ಎಂದು ನಾನು ಬಯಸಿದ್ದುಂಟು. ಖಾಲಿ ಹಾಲು, ಒಳಗೆ ಯಾರೂ ಇಲ್ಲದಾಗ.

ಶಾಲೆ ಮತ್ತೆ ತೆರೆದ ಮರುದಿನ, ಮಂಗಳವಾರ, ಪ್ರೂಯಿಟ್ ಕರೆಸಿದ ಎರಡನೇ ಎಂಜಿನಿಯರ್ ಬಂದ. ಅರವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ನಾನು ತಪ್ಪೆಂದು ನನ್ನ ಕಣ್ಣೆದುರೇ ತೋರಿಸಬೇಕೆಂದೋ ಏನೋ, ಪ್ರೂಯಿಟ್ ನನ್ನನ್ನೂ ಬರಹೇಳಿದ್ದ. ಎಂಜಿನಿಯರ್ ಏಣಿ ಹತ್ತಿ ಹಾಲಿನ ಛಾವಣಿಯ ಹಲಗೆ ತೆಗೆದ. ಟಾರ್ಚು ಹಿಡಿದು ಪಕ್ಕದ ಊಟದ ಕೋಣೆಯ ಕಡೆಗೆ ನೋಡಿದ. ಕೆಳಗಿಳಿದ. ಬೇಗ ಇಳಿಯಲಿಲ್ಲ, ಒಂದೊಂದೇ ಮೆಟ್ಟಿಲು, ಏಣಿ ಅಲುಗದ ಹಾಗೆ.

“ಪಕ್ಕದಲ್ಲಿ ಮಕ್ಕಳ ಸದ್ದು ಕೇಳ್ತಿದೆ,” ಅಂದ.

“ಊಟದ ಹೊತ್ತು,” ಅಂದ ಪ್ರೂಯಿಟ್.

“ಅದೇ ತೊಲೆ ಅಲ್ಲೀತನಕ ಹೋಗಿದೆ. ಬಿರುಕು ಎರಡಲ್ಲ, ಐದು. ಹೊರಗೆ ಕಳಿಸಿ. ಕೋಟು ಹಾಕ್ಕೊಳ್ಳೋಕೂ ಬಿಡ್ಬೇಡಿ.”

ಮುನ್ನೂರು ಮಕ್ಕಳು ಅಂಗಿಯಲ್ಲೇ ಹಿಮದೊಳಕ್ಕೆ ನಡೆದರು. ಓಡಬೇಡಿ, ಓಡಬೇಡಿ ಎನ್ನುತ್ತ ಟೀಚರುಗಳು ಬಾಗಿಲ ಬಳಿ ನಿಂತಿದ್ದರು. ಯಾರೋ ಟ್ರೇ ಬೀಳಿಸಿದಾಗ ಎಲ್ಲರೂ ಒಮ್ಮೆಗೇ ತಲೆ ತಗ್ಗಿಸಿದರು. ಪ್ರೂಯಿಟ್ ಬೆನ್ನು ಕೊಟ್ಟು ಬಾಗಿಲನ್ನು ತೆರೆದು ಹಿಡಿದಿದ್ದ. ಕೊನೆಯ ಹುಡುಗಿ ದಾಟುವ ತನಕ ಅವನು ಅಲ್ಲಿಂದ ಕದಲಲಿಲ್ಲ. ಆಮೇಲೆ ಹಿಮದಲ್ಲೇ ಕುಸಿದು ಕೂತ. ಗುರುವಾರ ರಾಜೀನಾಮೆ ಕೊಟ್ಟ.

ಈಗ ತೊಲೆಗಳ ಕೆಳಗೆ ಕಂಬ ಕೊಟ್ಟಿದ್ದಾರೆ. ಖಂಡನಾ ನಿರ್ಣಯವನ್ನು ವಾಪಸು ತೆಗೆದುಕೊಂಡರು. ಅವತ್ತು ಚರ್ಚಿನ ಆತನ ಜೊತೆ ನಕ್ಕವರೇ ಬಾಗಿಲಿಗೆ ಬಂದು ಬಿಸಿ ಬಿಸಿ ಆಲೂಗಡ್ಡೆಯ ಅಡುಗೆ ಕೊಟ್ಟು ಹೋಗುತ್ತಿದ್ದಾರೆ. ಆತ ಮಾತ್ರ ಬರಲಿಲ್ಲ. ಅವನ ಹೆಂಡತಿ ಬಂದು ನನ್ನ ಕೈ ಹಿಡಿದು ಅತ್ತಳು. ಧೈರ್ಯವಂತೆ ಎನ್ನುತ್ತಾರೆ. ಹೆಮ್ಮೆ ಎನ್ನುತ್ತಾರೆ, ನಿನ್ನ ಕಾರ್ಡಿನ ಹಾಗೆಯೇ. ಒಬ್ಬೊಬ್ಬರು ಹಾಗೆಂದಾಗಲೂ ನನಗೆ ಹಿಮ ಬಿದ್ದ ದಿನಕ್ಕಿಂತ ಹೆಚ್ಚು ಹೆದರಿಕೆಯಾಗುತ್ತದೆ.

ನಿನ್ನ ಆರೋಗ್ಯ ನೋಡಿಕೋ. ಕಾರ್ಡಿಗೆ ಥ್ಯಾಂಕ್ಸ್. ಅದನ್ನು ನಾನು ಹರಿದು ಹಾಕಿಲ್ಲ.

ಇಂತು,
ಮಾರ್ಲೀಸ್

ಇನ್ನೊಂದು ಮಾತು: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ವರದಿ ನನ್ನ ಕೈಗೆ ಬಂದದ್ದು ಡಿಸೆಂಬರ್ ಮೂರಕ್ಕೆ. ಮಂಡಳಿಗೆ ಹೇಳಿದ್ದು ಹದಿನೈದಕ್ಕೆ. ನಡುವಿನ ಹನ್ನೆರಡು ದಿನ ಆ ಹಾಲಿನಲ್ಲಿ ವಾಲಿಬಾಲ್ ಹುಡುಗಿಯರು ಪ್ರತಿ ಸಂಜೆ ಅಭ್ಯಾಸ ಮಾಡಿದರು. ನಮ್ಮ ಆನಿಕಾ ಒಂದು ದಿನವೂ ಮಾಡಲಿಲ್ಲ. ಮೂರನೇ ತಾರೀಕು ಸಂಜೆಯೇ ನಾನು ಅವಳ ಕೋಚ್‌ಗೆ ಚೀಟಿ ಬರೆದುಕೊಟ್ಟಿದ್ದೆ, ಪಾದ ಉಳುಕಿದೆ ಎಂದು. ಅವಳ ಪಾದಕ್ಕೆ ಏನೂ ಆಗಿರಲಿಲ್ಲ. ಮೊನ್ನೆ ಪೇಪರಿನಲ್ಲಿ ವರದಿಯ ತಾರೀಕು ನೋಡಿ ಅವಳು ನನ್ನ ಮುಂದೆ ಬಂದು ನಿಂತಳು. “ಅಮ್ಮಾ, ನನ್ನ ಫ್ರೆಂಡ್ಸ್ ಎಲ್ಲಾ ಒಳಗಿದ್ರು,” ಅಂದಳು, ಅಷ್ಟೇ. ಆಮೇಲೆ ನನ್ನ ಜೊತೆ ಮಾತಾಡಿಲ್ಲ. ನಿನ್ನ ಹತ್ತಿರ ಬಂದು ಇರುತ್ತೇನೆ ಎಂದು ಅವಳು ಫೋನ್ ಮಾಡಿದರೆ ಬೇಡ ಅನ್ನಬೇಡ.